ಸಾಕು ಅಂದವರ ತೋಟ

ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಮೂಡದ ಕಾಲದಲ್ಲಿ ಕರಿಗಿರಿ ಅನ್ನೋ ರಾಜ್ಯವಿತ್ತು. ಅಲ್ಲೊಂದು ತೊಂಬತ್ತು ಕಂಬದ ಹಳೇ ಅರಮನೆ, ಸುತ್ತ ತೋಟ. ರಾಜವಂಶ ಅಳಿದ ಮೇಲೆ ಜಟಂಗ ಅನ್ನೋ ಮಾಂತ್ರಿಕ ಅದನ್ನು ಹಿಡಿದು, ತೋಟದಲ್ಲಿ ಊಟದ ಮನೆ ಇಟ್ಟ. ಮದುವೆಯಾಗಲಿ ನಾಮಕರಣವಾಗಲಿ, ಜನ ಅಲ್ಲಿಗೇ ಹೋಗೋರು. ಆ ರುಚಿಗೆ ಸಾಕು ಅನ್ನೋರೇ ಅಪರೂಪ. ತೋಟದಲ್ಲಿ ದಿನಕ್ಕೊಂದು ಮರ ಹೆಚ್ಚಾಗುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಹೋಳಿಗೆ ಮುಂದಿರುವಾಗ ಮರ ಎಣಿಸೋರು ಯಾರು?

ದುಗ್ಗಪ್ಪ ಅಲ್ಲಿ ಸಾರು ಬಡಿಸುವವನು. ಅವನ ಅಕ್ಕ ಸಾವಂತ್ರಿಯ ಮದುವೆಯೂ ಅಲ್ಲೇ ನಡೆಯಿತು. ಮದುವೆಯೂಟದಲ್ಲಿ ಜಟಂಗ ತಾನೇ ಬಂದು ಮದುಮಗಳಿಗೆ ಉಪಚಾರ ಮಾಡಿದ, ಇನ್ನೊಂದು ಮತ್ತೊಂದು ಅಂತ ಹೋಳಿಗೆ ಹಾಕಿಸಿದ. ಆಕೆ ಎಲೆಗೆ ಕೈ ಅಡ್ಡ ಹಿಡಿದು ಸಾಕು ಅಂದಳು. ಅಂದದ್ದೇ ತಡ, ಬೆರಳು ಟೊಂಗೆಯಾಯಿತು, ಸೆರಗು ತೊಗಟೆಯಾಯಿತು. ಬಾಸಿಂಗ ಕಟ್ಟಿಕೊಂಡ ಸಂಪಿಗೆ ಮರವೊಂದು ಪಂಕ್ತಿಯ ನಡುವೆ ನಿಂತಿತು. ನೆಂಟರೆಲ್ಲ ಎಂಜಲು ಕೈಯಲ್ಲೇ ಓಡಿದರು.

ದುಗ್ಗಪ್ಪ ಓಡಲಿಲ್ಲ. ಜಟಂಗ ನಕ್ಕು, ಇಲ್ಲಿ ಎಲೆ ಮುಂದೆ ಕೂತು ಸಾಕು ಅಂದವರು ಯಾರೇ ಆಗಲಿ ಮರವಾಗುವುದೇ ಕಟ್ಟಳೆ ಅಂದ. ಈ ಮರ ಪಂಕ್ತಿಗೆ ಅಡ್ಡ, ಹೊತ್ತು ಮುಳುಗುತ್ತಲೇ ಕಡಿದು ಒಲೆಗೆ ಹಾಕಿಸುತ್ತೇನೆ ಅಂತಲೂ ಅಂದ. ಕೊಡಲಿಯವನು ಆಗಲೇ ಬಂದು ನಿಂತಿದ್ದ.

ದುಗ್ಗಪ್ಪ ಮರಕ್ಕೆ ಅಡ್ಡ ನಿಂತು ಕೇಳಿದ: "ಧಣಿ, ಮೂರು ಸಲ ಬಡಿಸಿದರೂ ಸಾಕು ಅನ್ನದೆ ಉಣ್ತೀನಿ. ಗೆದ್ದರೆ ನೀವು ಎಲೆಗೆ ಕೂರಬೇಕು, ನಾನು ಬಡಿಸ್ತೀನಿ."

"ಕೂರ್ತೀನಿ ಕಣಯ್ಯಾ. ನನ್ನ ಬಾಯಲ್ಲಿ ಹುಟ್ಟಿದಾರಭ್ಯ ಆ ಮಾತು ಬಂದಿಲ್ಲ."

ಮೊದಲನೇ ಸಲ ಬಡಿಸಲು ಆನೆಯೊಂದು ಬಂದು ಸೊಂಡಿಲಿನಿಂದ ಹೋಳಿಗೆ ಸುರಿಯಿತು. ದುಗ್ಗಪ್ಪ ಉಡಿದಾರ ಸಡಿಲ ಮಾಡಿ ಉಂಡ. ಬಡಿಸುವವರು ಉಣ್ಣೋದು ಎಲ್ಲರಿಗಿಂತ ಕೊನೆಗೆ. ಮದುವೆಯ ಗಡಿಬಿಡಿಯಲ್ಲಿ ಅವನ ಹೊಟ್ಟೆಗೆ ಎರಡು ದಿನದಿಂದ ಏನೂ ಬಿದ್ದಿರಲಿಲ್ಲ. ಹಾಕಲಾ ಅಂದ ಜಟಂಗ. ಹಾಕಿ ಅಂದ ದುಗ್ಗಪ್ಪ.

ಎರಡನೇ ಸಲಕ್ಕೆ ಹುಲಿ ಪಾಯಸ ತಂದಿತು. ಅವನು ಗುಟುಕರಿಸಿದಷ್ಟೂ ಅದು ಉಕ್ಕಿ ಬರುತ್ತಿತ್ತು. ಹೊಟ್ಟೆ ನಗಾರಿಯಾಯಿತು, ಕಣ್ಣಲ್ಲಿ ನೀರು. ಹಾಕಲಾ? ಹಾಕಿ.

ಹೊತ್ತು ಕೆಂಪಗಾಯಿತು. ಕೊಡಲಿಯವನು ಅಂಗೈಗೆ ಉಗುಳಿಕೊಂಡ. ಮೂರನೇ ಸಲ ಬಡಿಸಲು ಯಾರೂ ಬರಲಿಲ್ಲ. ಸಂಪಿಗೆ ಮರದೊಳಗಿಂದ ಅಕ್ಕನ ದನಿ ಬಂತು: "ತಮ್ಮಾ, ಹೊಟ್ಟೆ ಒಡೆದೀತು ಕಣೋ. ಸಾಕು ಅಂದುಬಿಡು."

ದುಗ್ಗಪ್ಪನ ತುಟಿ ಅರ್ಧ ತೆರೆಯಿತು. ಆಗ ನೆನಪಾಯಿತು. ಅವ್ವ ತೀರಿಕೊಂಡ ಮೇಲೆ ಅವನಿಗೆ ಉಣ್ಣಿಸಿದವಳು ಸಾವಂತ್ರಿ. ಸಾಕಕ್ಕಾ ಅಂತ ಅವನು ಅತ್ತರೂ, ಇನ್ನೊಂದೇ ತುತ್ತು ಅಂತ ಬಾಯಿಗೆ ತುರುಕುತ್ತಿದ್ದವಳು. ಅವಳ ಬಾಯಲ್ಲಿ ಈ ಮಾತೇ? ಇದು ಜಟಂಗನದೇ ಮಾಟ.

"ಹಾಕಿ," ಅಂದ.

ಮೂರೂ ಸಲ ಸೋತ ಜಟಂಗ ಹಲ್ಲು ಕಡಿಯುತ್ತಾ ಎಲೆಗೆ ಕೂತ. ಅವನು ಜನ್ಮವೆಲ್ಲ ಉಂಡದ್ದು ಎತ್ತರದ ಅಂಚಿನ ಚಿನ್ನದ ತಟ್ಟೆಯಲ್ಲಿ. ಬಾಳೆಲೆ ಮುಂದೆ ಕೂತದ್ದು ಇದೇ ಮೊದಲು. ದುಗ್ಗಪ್ಪ ಅನ್ನ ಹಾಕಿದ. ಸಾರು ಬರುವ ಮುಂಚೆ ಅನ್ನಕ್ಕೆ ಗುಳಿ ಮಾಡಿ ಕಟ್ಟೆ ಕಟ್ಟಬೇಕು ಅನ್ನೋದು ಹಾಲುಹಲ್ಲಿನ ಮಗುವಿಗೂ ಗೊತ್ತು. ಜಟಂಗ ಮೀಸೆ ತಿರುವುತ್ತಾ ಸುಮ್ಮನೆ ಕೂತಿದ್ದ.

"ಸಾರು ಹಾಕಲಾ ಧಣಿ?"

"ಬಕೆಟ್ಟೇ ಸುರಿ."

ದುಗ್ಗಪ್ಪ ಸುರಿದ. ಕುದಿಯುವ ಸಾರು ಎಲೆ ದಾಟಿ, ಪೀತಾಂಬರ ದಾಟಿ, ನೇರ ತೊಡೆಯ ಸಂದಿಗೆ ಇಳಿಯಿತು.

"ಸಾಕು! ಸಾಕು ಕಣೋ!"

ಸೂರ್ಯ ಮುಳುಗಲು ಒಂದು ಬೆರಳು ಬಾಕಿ. ಜಟಂಗ ಕೂತಲ್ಲೇ ಜಾಲಿ ಮರವಾದ, ಅವನ ಮಾಟವೂ ಮುರಿಯಿತು. ಸಂಪಿಗೆಯ ತೊಗಟೆ ಸೆರಗಾಗಿ ಜಾರಿತು, ಸಾವಂತ್ರಿ ಬಂದು ತಮ್ಮನ ಬೆನ್ನು ಸವರಿದಳು. ತೋಟದ ಮರಗಳೆಲ್ಲ ಮನುಷ್ಯರಾದವು. ಹನ್ನೆರಡು ವರ್ಷ ಹಲಸಿನ ಮರವಾಗಿದ್ದ ಅಜ್ಜ ಕಣ್ಣು ಬಿಟ್ಟವನೇ, ಮಜ್ಜಿಗೆ ಬಂತೇನಪ್ಪಾ ಅಂತ ಕೇಳಿದ.

ಅಂದಿನಿಂದ ಆ ಊಟದ ಮನೆಯನ್ನು ಅಕ್ಕ ತಮ್ಮ ನಡೆಸಿದರು. ಅಲ್ಲಿ ಬಲವಂತದ ಉಪಚಾರವಿಲ್ಲ, ಬಡಿಸುವವರಿಗೇ ಮೊದಲ ಪಂಕ್ತಿ. ಎಲ್ಲರೂ ಸುಖವಾಗಿ ಉಂಡು ಎಲೆ ಮಡಚಿದರು. ಕೇಳಿದ ನಾವೂ ಇನ್ನು ಕೈ ತೊಳೆಯೋಣ.