ಉಡಿಗೆ ಬಂದ ಕಲ್ಲು

"ಆ ಕಲ್ಲಿಗೆ ಬಾ ಅನ್ನಬ್ಯಾಡ ನಮ್ಮವ್ವ. ಬೇಕಾದ್ರೆ ಬೈ, ಉಗುಳು. ಬಾ ಅಂತ ಮಾತ್ರ ಅನ್ನಬ್ಯಾಡ."

ಅತ್ತೆ ಕೊಟ್ರವ್ವ ಹೇಳಿ ಮುಗಿಸುವ ಮೊದಲೇ ನಿರ್ಮಲಮ್ಮನಿಗೆ ನಗು ಬಂದಿತ್ತು. ಮೈಸೂರು ಕಡೆಯಿಂದ ದಾವಣಗೆರೆಯ ಮಿಲ್ಲಿನ ಕೇರಿಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಹೊಟ್ಟೆಯಲ್ಲಿ ಮೂರು ತಿಂಗಳ ಚೊಚ್ಚಲು. ಮಳೆಗಾಲ ಕಳೆದ ಮೇಲೆ ಕೇರಿಯವರೆಲ್ಲ ಬಸ್ಸು ಮಾಡಿಕೊಂಡು ಜೋಗ ನೋಡಲು ಬಂದಿದ್ದರು.

ಕಣಿವೆಗೆ ಇಳಿಯುವ ಕಾಲುದಾರಿಯ ಬಾಯಿಗೇ ಆ ಕಲ್ಲು ನಿಂತಿತ್ತು. ಎದೆಮಟ್ಟದ ಕಲ್ಲು, ಮೈತುಂಬ ಪಾಚಿ. ಅದರ ಮೇಲೆ ಒಂದೇ ಒಂದು ಕೈ ಕೆತ್ತಿದ್ದರು. ಮೊಣಕೈ ಮಡಚಿ ಮೇಲೆತ್ತಿದ ಬಲಗೈ, ತುಂಬ ಬಳೆ. ಹಿಂದೊಬ್ಬ ಮಾಟಗಾರ ನಿಧಿ ಕಾಯಲೆಂದು ಬಸುರಿಯೊಬ್ಬಳನ್ನು ಇಲ್ಲಿಂದ ತಳ್ಳಿ, ಅವಳ ಪ್ರಾಣವನ್ನು ಈ ಕೈಗೆ ಕಟ್ಟಿದನಂತೆ.

"ಕರೆದ್ರೆ ಬೆನ್ನಿಗೇ ಬರ್ತಾಳೆ," ಕೊಟ್ರವ್ವ ದನಿ ತಗ್ಗಿಸಿದಳು. "ಕರೆದಾಕಿ ಉಡಿಗೆ ಕಲ್ಲು ಹಾಕಿ ಕೂಸು ಒಯ್ತಾಳೆ."

"ಪಾಪ, ಎಷ್ಟು ಕಾಲದಿಂದ ನಿಂತೇ ಇದ್ದಾಳೆ!" ನಿರ್ಮಲಮ್ಮ ಕಲ್ಲಿನ ಅಂಗೈಗೆ ತನ್ನ ಅಂಗೈ ಒತ್ತಿದಳು. "ನಮ್ಮನೆಗೆ ಬಾರಮ್ಮ. ಬೆಣ್ಣೆದೋಸೆ ತಿನ್ನಿಸ್ತೀನಿ."

ಯಾರೂ ನಗಲಿಲ್ಲ. ಕಲ್ಲು ಬೆಚ್ಚಗಿತ್ತು. ಬಿಸಿಲಿಗೆ ಕಾದಿದೆ ಎಂದುಕೊಂಡಳು. ಆದರೆ ಅಂದು ಕಣಿವೆಯ ತುಂಬ ಮಂಜು, ಬಿಸಿಲೇ ಇರಲಿಲ್ಲ.

ವಾಪಸು ಬರುವಾಗ ಹರಿಹರದ ಸೇತುವೆಯ ಮೇಲೆ ಬಸ್ಸಿನೊಳಗೆ ಹಸಿ ಪಾಚಿಯ ವಾಸನೆ ಎದ್ದಿತು. ಕೊಟ್ರವ್ವ ಕಿಟಕಿಯಿಂದಲೇ ತುಂಗಭದ್ರೆಗೆ ಕೈಮುಗಿದಳು. "ಬೆನ್ನಿಗೆ ಬಂದಾಕಿನ್ನ ಇಲ್ಲೇ ಇಳಿಸ್ಕಳವ್ವ, ಹೊಳೆ ತಾಯಿ."

ಹೊಳೆ ಇಳಿಸಿಕೊಳ್ಳಲಿಲ್ಲ.

ಮಾಗಿ ಕಳೆದು ದಾವಣಗೆರೆ ಕಾಯತೊಡಗಿತು. ಮಿಲ್ಲಿನ ಹತ್ತಿಯ ದೂಳು ಗಂಟಲಿಗೆ ಇಳಿಯುವ ಒಣ ಬಿಸಿಲು. ಆ ಬಿಸಿಲಲ್ಲೂ ಬಚ್ಚಲ ಗೋಡೆಗೆ ಪಾಚಿ ಕಟ್ಟಿತು. ಖಾಲಿ ಹಂಡೆಯೊಳಗೆ ಮಟಮಟ ಮಧ್ಯಾಹ್ನ ನೀರು ಧುಮುಕುವ ಸದ್ದು. ನಿರ್ಮಲಮ್ಮ ಹಂಡೆಯನ್ನು ಬೋರಲು ಹಾಕಿದಳು. "ಕರೆದೆ, ನಿಜ. ಬಂದವಳು ಎದುರಿಗೆ ಬರಲಿ," ಎಂದಳು.

ಏಳನೇ ತಿಂಗಳಿಗೆ ಕುಬಸದ ಕಾರ್ಯ ಇಟ್ಟರು. ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಬಳೆಗಾರ್ತಿ ಸುಗ್ರಾಬಿ ಬಳೆಯ ಮಲಾರ ಬಿಚ್ಚಿ, ಬಸುರಿಯ ಎರಡೂ ಕೈಗೆ ಹಸಿರು ಬಳೆ ಏರಿಸಿ, ಮುತ್ತೈದೆಯರಿಗೆ ತೊಡಿಸತೊಡಗಿದಳು. "ಬರ್ರಿ ಬರ್ರಿ, ಕೈ ಕೊಡ್ರಿ," ಎನ್ನುತ್ತಿದ್ದವಳ ಮಾತು ತಟ್ಟನೆ ನಿಂತಿತು.

"ಅವ್ವಾರೆ... ಈ ಕೈ ಯಾರ್ದು?"

ಅವಳ ಮುಂದೆ ಒಂದು ಕೈ ಚಾಚಿತ್ತು. ಬೂದು ಬಣ್ಣ. ತೊಟ್ಟಿಕ್ಕುವ ನೀರು. ಭುಜದ ಆಚೆ ಏನೂ ಇಲ್ಲ.

ದೀಪ ಆರಿತು. ಜಲಪಾತದ ಮೊರೆತ ಮನೆ ತುಂಬಿತು. ಕೈ ನಿಧಾನವಾಗಿ ತಿರುಗಿತು. ನಿರ್ಮಲಮ್ಮನ ಉಡಿಯಲ್ಲಿ ಮುತ್ತೈದೆಯರು ತುಂಬಿದ ಅಕ್ಕಿ, ಕೊಬ್ಬರಿ ಇದ್ದವು. ಕೈ ಅವುಗಳ ಮೇಲೆ ನುಣ್ಣನೆಯ ಒದ್ದೆ ಕಲ್ಲೊಂದನ್ನು ಇಟ್ಟಿತು. ಹೊಟ್ಟೆಯೊಳಗೆ ಹೊರಳುತ್ತಿದ್ದ ಕೂಸು ನಿಂತಿತು. ಒಮ್ಮೆಲೇ. ಒಂದು ಮಿಸುಕೂ ಇಲ್ಲ.

ನಿರ್ಮಲಮ್ಮ ಎದ್ದು ಸೆರಗಿಗೆ ಕೈ ಹಾಕಿದಳು.

"ಉಡಿ ಚೆಲ್ಲಬ್ಯಾಡವ್ವ!" ಹೆಂಗಸರೆಲ್ಲ ಚೀರಿದರು. ತುಂಬಿದ ಉಡಿಯನ್ನು ಆ ಸೀಮೆಯಲ್ಲಿ ಯಾವ ಹೆಣ್ಣೂ ಚೆಲ್ಲಿದ್ದಿಲ್ಲ. ಚೆಲ್ಲಿದರೆ ಬಸಿರು ಚೆಲ್ಲಿದಂತೆ.

"ಇದು ಉಡಿ ಅಲ್ಲ. ಕಲ್ಲು!"

ಕೊಡವಿದಳು. ಅಕ್ಕಿ ಚೆಲ್ಲಿತು. ಕಲ್ಲು ನೆಲಕ್ಕೆ ಬಿತ್ತು. ಕೂಸು ಒದೆಯಿತು! ಬೂದು ಕೈ ಹೊಟ್ಟೆಯತ್ತ ಚಿಮ್ಮಿತು. ಬಲಗೈಯಿಂದ ಅದರ ಮಣಿಕಟ್ಟು ಹಿಡಿದಳು. ಬಳೆ ಒಡೆದವು. ನೆತ್ತರು. ಬಿಡಲಿಲ್ಲ. ಎಳೆದಳು. ಭುಜದವರೆಗೆ ತಣ್ಣಗೆ ಏನೋ ಏರಿತು. ಬಿಡಲಿಲ್ಲ. ಹೊಸ್ತಿಲವರೆಗೂ ಎಳೆದಳು.

"ಕರೆದವಳು ನಾನು. ಕಳಿಸೋಳೂ ನಾನೇ. ಹೋಗು!"

ಕೈ ಹೊಸ್ತಿಲಾಚೆ ಜಾರಿತು. ಬಾಗಿಲಲ್ಲಿದ್ದ ಕೊಟ್ರವ್ವನ ತುಟಿ ಅಲುಗಿದವು. ಮನೆಗೆ ಬಂದವರಿಗೆ ಬರೀ 'ಹೋಗು' ಎಂದು ಅಭ್ಯಾಸವಿಲ್ಲದ ಬಾಯಿ. "ಹೋಗಿ ಬ..."

ನಿರ್ಮಲಮ್ಮ ಎಡಗೈಯಿಂದ ಅತ್ತೆಯ ಬಾಯಿ ಗಟ್ಟಿಯಾಗಿ ಮುಚ್ಚಿದಳು.

ಮೊರೆತ ನಿಂತಿತು.

ಹೆಣ್ಣುಕೂಸು ನೆಟ್ಟಗೆ ಹುಟ್ಟಿತು. ನಿರ್ಮಲಮ್ಮನ ಬಲಗೈ ಮಾತ್ರ ಅಂದು ಮೊಣಕೈ ಮಡಚಿ ಮೇಲೆದ್ದದ್ದು ಮತ್ತೆ ಇಳಿಯಲಿಲ್ಲ. ಬೂದು ಬಣ್ಣ, ಕಲ್ಲಿನ ತಣುಪು. ಡಾಕ್ಟರು ನೋಡಿದರು, ನಾಟಿ ವೈದ್ಯರು ತಿಕ್ಕಿದರು. ಕೊಟ್ರವ್ವನ ಗೋಳು ಮಾತ್ರ ನಿಲ್ಲಲಿಲ್ಲ. "ಜೋಗಕ್ಕೆ ಹೋಗಿ ಆ ಕಲ್ಲಿಗೆ ತಪ್ಪಾತು ಅಂದು ಬಾರವ್ವ. ಕೈ ಇಳಿದೀತು."

"ನಾನ್ಯಾಕೆ ತಪ್ಪಾಯ್ತು ಅನ್ಲಿ? ಕೂಸನ್ನ ಕಸಿಯೋಕೆ ಬಂದದ್ದು ನಾನಲ್ಲ." ನಿರ್ಮಲಮ್ಮ ಎಡಗೈಯಿಂದ ಸೀಮೆಸುಣ್ಣ ತೆಗೆದು, ಮಡಚಿದ ಕಲ್ಲುಬೆರಳುಗಳ ನಡುವೆ ಸಿಕ್ಕಿಸಿಕೊಂಡು ಶಾಲೆಗೆ ಹೊರಟಳು. "ಇಳೀದಿದ್ರೆ ಬೇಡ ಬಿಡಿ ಅತ್ತೆ. ಬರೆಯೋ ಕಪ್ಪು ಹಲಗೆ ಇರೋದೂ ಎತ್ತರದಲ್ಲೇ ತಾನೆ."