ಗುರುವಾರದ ಮಾಸ್ತರ

"ಕರೆಂಟ್ ಇಲ್ರೀ ಸರ್," ಎಂದಳು ಜಗದೇವಿ, ತಲೆ ಎತ್ತದೆ.

ಅವಳ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

ಬಸವಕುಮಾರ ಫ್ಯಾನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ತುಟಿಯಂಚಿಗೆ ಬಂದ ನಗುವನ್ನು ಅಲ್ಲೇ ತಡೆದ. "ಇರ್ಲಿ ಬಿಡ್ರಿ. ಗಾಳಿ ಚಲೋ ಅದ," ಎಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಟ್‌ಬುಕ್ ತೆರೆದ.

ಮರಾಠಿ ಸೀಮೆಯಲ್ಲಿ, ಕಾಸಾರಶಿರಸಿ ಹತ್ತಿರದ ಆ ಕನ್ನಡ ಶಾಲೆಗೆ ಹೊಸ ಡಿಜಿಟಲ್ ಬೋರ್ಡ್ ಬಂದಿತ್ತು. ಅದನ್ನು ಶಿಕ್ಷಕರಿಗೆ ಕಲಿಸಿಕೊಡಲು ಉದಗೀರದಿಂದ ಗುರುವಾರಕ್ಕೊಮ್ಮೆ ಅವನು ಬರುತ್ತಿದ್ದ. ಜಗದೇವಿಗೆ ಬೋರ್ಡಿಗಿಂತ ಆ ನೋಟ್‌ಬುಕ್ಕಿನದೇ ಭಯ. ಅವಳದು ಕಾಂಟ್ರಾಕ್ಟ್ ನೌಕರಿ. ಕುರಿ ಕಾಯುವ ಅವಳ ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತವಳು ಅವಳೊಬ್ಬಳೇ. 'ಈಕಿಗಿ ಬರಂಗಿಲ್ಲ' ಎಂದು ಒಂದು ಸಾಲು ಮೇಲಧಿಕಾರಿಗಳಿಗೆ ಹೋದರೆ ನೌಕರಿ ಮುಗಿಯಿತು.

ಮೂರನೆಯ ಗುರುವಾರ ಅವನು ನೀರು ಕುಡಿಯಲು ಹೋದಾಗ ಅವಳು ಅವನ ನೋಟ್‌ಬುಕ್ ತೆರೆದಳು. ಅವಳ ಹೆಸರಿನ ಕೆಳಗೆ ಒಂದೇ ಸಾಲು: 'ಇವರು ಪಾಠ ಹೇಳುವಾಗ ಮಕ್ಕಳು ಕಿಟಕಿ ಕಡೆ ನೋಡುವುದಿಲ್ಲ. ನಾನೂ ನೋಡಲಿಲ್ಲ.'

"ಅಕ್ಷರ ತಿಳೀತಾವೇನ್ರೀ?" ಬಾಗಿಲಲ್ಲಿ ಅವನು ನಿಂತಿದ್ದ.

ಅವಳ ಕಿವಿ ಬಿಸಿಯಾಯಿತು. "ಬೋರ್ಡ್ ಮುಟ್ಟಾಕ ಅಂಜಿಕಿ ಬರ್ತದ್ರೀ. ಕೆಟ್ರ?"

"ಮುಟ್ರಿ. ಕೆಟ್ರ ನಾ ಕೆಡಿಸೀನಂತ ಬರೀತೀನಿ."

ಅವಳು ಬೆರಳಿಟ್ಟಳು. ನಕಾಶೆ ಅರಳಿತು, ಭೂಮಿ, ದೇಶ, ಕೊನೆಗೆ ಅವರದೇ ಊರಿನ ಕೆರೆ. ಅವನು ಒಂದು ಮಾರು ದೂರದಲ್ಲೇ ನಿಂತಿದ್ದ. ಅಷ್ಟು ದೂರವೂ ಅವಳಿಗೆ ತೀರ ಹತ್ತಿರವೆನಿಸಿ, ಆ ಹೊಸ ಅಂಜಿಕೆಗೆ ಹೆಸರಿಡಲು ಅವಳು ಹೆದರಿದಳು.

ಎರಡು ತಿಂಗಳ ಮೇಲೆ, ಸುತ್ತಲಿನ ಇಪ್ಪತ್ತು ಶಿಕ್ಷಕರೆದುರು ಅವಳೇ ತನ್ನ ತರಗತಿಯ ಮಕ್ಕಳಿಗೆ ಮಾದರಿ ಪಾಠ ಮಾಡಬೇಕಾಯಿತು. ಬೆವೆತ ಬೆರಳು ಜಾರಿತು. ನಕಾಶೆಯಿಂದ ಊರು ಹಾರಿಹೋಗಿ ಪರದೆಯ ತುಂಬ ಸಮುದ್ರ ನಿಂತಿತು. ಯಾರೋ ಮರಾಠಿಯಲ್ಲಿ ಪಿಸುಗುಟ್ಟಿ ನಕ್ಕರು.

ಹಿಂದೆ ಬಸವಕುಮಾರ ಎದ್ದ. "ತಪ್ಪು ನನ್ನದ್ರೀ, ನಾನೇ..."

"ಇಲ್ರೀ," ಎಂದಳು ಜಗದೇವಿ. "ನನ್ನ ಬೆರಳ ಜಾರ್ತು." ಮಕ್ಕಳತ್ತ ತಿರುಗಿದಳು. "ನಮ್ಮೂರು ಸಮುದ್ರದಾಗ ಕಳದದ. ಹುಡುಕೋಣೇನು?" ಮಕ್ಕಳು ದಿಕ್ಕು ಹೇಳಿದರು, ಅವಳು ಸರಿಸಿದಳು. ಕೆರೆ ಸಿಕ್ಕಾಗ ನಕ್ಕವರೇ ಮೊದಲು ಚಪ್ಪಾಳೆ ತಟ್ಟಿದರು.

ಸಂಜೆ ಬಸ್‌ಸ್ಟಾಪಿನಲ್ಲಿ ಅವನು ಹೇಳಿದ, "ಮುಂದಿನ ವಾರದಿಂದ ನನಗ ಜಳಕೋಟದ ಸಾಲಿ. ನಿಮಗಿನ್ನ ನನ್ನ ಜರೂರತ್ತಿಲ್ಲ."

"ಬೋರ್ಡಿಗಷ್ಟೇ ಇಲ್ಲ," ಎಂದಳು. ಅಂದಮೇಲೆ ಸೆರಗು ಸರಿಪಡಿಸುತ್ತ ರಸ್ತೆಯತ್ತ ನೋಡಿದಳು.

ಅವನು ಹೆಗಲ ಚೀಲ ಕೆಳಗಿಟ್ಟ. "ನನ್ನ ಮನಸು ಈ ಸಾಲ್ಯಾಗೇ ಉಳದದ, ಜಗದೇವಿ."

"ಅಂಜಿಕಿ ಬರ್ತದ್ರೀ. ನಾವು ಕುರಿ ಕಾಯೋ ಬೀರಪ್ಪನ ಒಕ್ಕಲು. ನೀವೇ ಹೇಳಿದ್ರಲ್ಲ, ನಿಮ್ಮವ್ವ ಲಿಂಗಪೂಜಿ ಮಾಡ್ದೇ ನೀರು ಮುಟ್ಟಂಗಿಲ್ಲ. ನನ್ನ ಒಳಗ ಕರ್ಕೋತಾರ?"

"ಗೊತ್ತಿಲ್ಲ. ನನಗೂ ಅಂಜಿಕಿ ಅದ."

ಸುಳ್ಳು ಧೈರ್ಯ ಹೇಳಲಿಲ್ಲವೆಂದೇ ಅವಳಿಗೆ ಅವನು ಇನ್ನಷ್ಟು ಬೇಕೆನಿಸಿದ.

ಉದಗೀರದ ಬಸ್ ಬಂತು. "ಚಲಾ, ಲವಕರ," ಎಂದು ಬೇಗ ಹತ್ತಲು ಅವಸರಿಸಿದ ಕಂಡಕ್ಟರ್. ಬಸವಕುಮಾರ ಹತ್ತಲಿಲ್ಲ. ಬಸ್ ಧೂಳೆಬ್ಬಿಸಿ ಹೋಯಿತು.

"ನಿಮ್ಮ ಅಪ್ಪಾರು ಈಗ ಎಲ್ಲಿರ್ತಾರ?"

"ಕೆರಿ ಆಚೀಕ, ಕುರಿ ಹಿಂದ."

ಇಬ್ಬರೂ ನಡೆದರು. ಕೆರೆಯ ಏರಿಯ ಮೇಲೆ ನಾಯಿ ಬೊಗಳಿತು. ಅವಳ ಅಪ್ಪ ಅಮೋಘಸಿದ್ಧ ಕೋಲೂರಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದ. ಜಗದೇವಿಯ ಹೆಜ್ಜೆ ತಡೆಯಿತು. ಕೈಚಾಚಿ ಮೊದಲ ಸಲ ಅವನ ಕೈ ಹಿಡಿದಳು. ಅದೂ ಅವಳದರಷ್ಟೇ ತಣ್ಣಗಾಗಿತ್ತು. ಬಿಡಿಸಿಕೊಳ್ಳದೆ ಇಬ್ಬರೂ ಏರಿ ಹತ್ತಿದರು.