ಮಹೇಶ್ವರಕ್ಕೆ ಒಬ್ಬಳೇ

ಪುಣೆ ಕ್ಯಾಂಪಿನ ಆ ಸೀರೆ ಅಂಗಡಿಯಲ್ಲಿ ಶೀತಲ್ ಚೌಕಾಸಿ ಮಾಡಿದ್ದು ಮರಾಠಿಯಲ್ಲಿ. ಸಿಟ್ಟು ಬಂದದ್ದು ಮಾತ್ರ ಕನ್ನಡದಲ್ಲಿ.

"ಎಷ್ಟ ಸುಳ್ಳ ಹೇಳ್ತಾನಿಂವಾ" ಎಂದು ಕೈಯಲ್ಲಿದ್ದ ಸೆರಗಿಗೆ ಹೇಳುವಂತೆ ಗೊಣಗಿದಳು.

ಗಲ್ಲೆಯ ಹಿಂದಿದ್ದವನು ತಲೆ ಎತ್ತಿದ. ತುಟಿ ನಗಲಿಲ್ಲ, ಕಣ್ಣು ನಕ್ಕಿತು. "ಅರ್ಧಾನ ಸುಳ್ಳ್ರಿ. ಉಳಿದರ್ಧ ಖರೇನ ಅದ."

ಅವಳ ಕಿವಿ ಬಿಸಿಯಾದವು. ಅವನು ಏನೂ ಆಗದವನಂತೆ ಸೀರೆಯ ಅಂಚನ್ನು ಬೆಳಕಿಗೆ ತಿರುಗಿಸಿ ಹಿಡಿದ. "ಇದು ಮಹೇಶ್ವರಿ. ಈ ತೆರಿ ಅದಾವಲ್ಲ, ನರ್ಮದಾ ನದೀವು ಅಂತಾರ್ರಿ. ನಾ ನೋಡಿಲ್ಲ."

"ಊರು ನೋಡದನ ಸೀರಿ ಮಾರ್ತೀರಿ?"

"ಕರಕೊಂಡು ಹೋಗವ್ರು ಯಾರೂ ಸಿಕ್ಕಿಲ್ರಿ" ಎಂದ. ಆಗ ಅವಳ ಮುಖ ನೋಡಲಿಲ್ಲ, ಅಂಚನ್ನೇ ನೋಡುತ್ತಿದ್ದ. ಅದಕ್ಕೇ ಆ ಮಾತು ಅವಳ ಜೊತೆ ಹಡಪಸರದ ಮನೆಯವರೆಗೂ ಬಂತು.

ಅವನ ಹೆಸರು ಬಸವಪ್ರಭು. ಅವನ ತಂದೆ ವಿಜಯಪುರದಿಂದ ಬಂದು ಕಟ್ಟಿದ ಅಂಗಡಿ ಅದು. ಈಗ ತಾಯಿ ಕಾಶವ್ವ, ಅವನು, ಇಬ್ಬರೇ. ಶೀತಲ್ ವಿಮಾ ಕಂಪನಿಯೊಂದರ ಆಫೀಸಿನಲ್ಲಿದ್ದಳು. ಶಾಲೆಗೆ ಹೋಗುವಾಗ ಒಂದು ಕ್ಯಾಲೆಂಡರಿನಲ್ಲಿ ಮಹೇಶ್ವರದ ಘಾಟ್ ಕಂಡಿದ್ದಳು. ಕೋಟೆಯ ಬುಡದಿಂದ ಹೊರಟು ನದಿಯೊಳಗೇ ಇಳಿದುಹೋಗುವ ಕಲ್ಲಿನ ಮೆಟ್ಟಿಲುಗಳು. ಕೊನೆಯ ಮೆಟ್ಟಿಲು ಎಲ್ಲಿರಬಹುದು ಎಂಬ ಯೋಚನೆ ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ. ಇದನ್ನು ಹೇಳಿದಾಗ ಬಸವಪ್ರಭು ನಗಲಿಲ್ಲ. "ಹೋಗಿ ನೋಡೂಣು" ಎಂದ. ಆ 'ನೋಡೂಣು'ವಿನಲ್ಲಿ ತಾನೂ ಇದ್ದೇನೆಂದು ಅವಳಿಗೆ ತಿಳಿಯಿತು. 'ರೀ' ಬಿದ್ದುಹೋಗಿ 'ನೀ' ಬಂತು. ಮದುವೆಯ ಮಾತೂ ನಡೆಯಿತು.

ಆ ಬೇಸಿಗೆಯಲ್ಲಿ ಅವನ ಕಾಲು ಬಾತವು. ಪರೀಕ್ಷೆಯಾದಾಗ ಎರಡೂ ಮೂತ್ರಪಿಂಡ ಹೋಗಿದ್ದವು. ಕಾಶವ್ವನದು ಹೊಂದಲಿಲ್ಲ. ಶೀತಲ್ ತನ್ನದನ್ನು ಕೊಡುತ್ತೇನೆಂದಾಗ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅವಳೊಂದಿಗೆ ಮಾತು ಬಿಟ್ಟ. ಅವಳದೂ ಹೊಂದುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲಷ್ಟೇ ಮತ್ತೆ ಮಾತಾಡಿಸಿದ. ಮದುವೆ ಬೇಡವೆಂದ. ಅವಳು ಕೇಳಿಸಿಕೊಳ್ಳಲಿಲ್ಲ. ವಾರಕ್ಕೆ ಮೂರು ಸಲ ಆಫೀಸಿನಿಂದ ಸ್ಕೂಟಿಯಲ್ಲಿ ಬಂದು, ಅವನ ಡಯಾಲಿಸಿಸ್ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು.

ಹೀಗೆ ಎರಡು ವರ್ಷ ಕಳೆದ ಮೇಲೆ, ಒಂದು ದಿನ ಅವನೇ ತನ್ನ ಕಾರಿನ ಕೀಲಿಯನ್ನು ಅವಳ ಕೈಗಿಟ್ಟ.

"ಮಹೇಶ್ವರಕ್ಕ ಹೋಗಿ ಬಾ. ಒಬ್ಬಾಕೀನ."

"ನಿನ್ನ ಬಿಟ್ಟು?"

"ನಾ ಬರೂ ತನಕಾ ಕಾದ್ರ ಮುದುಕಿ ಆಗ್ತಿ. ಫೋಟೋ ಬ್ಯಾಡ, ಬಾಯಿಲೆ ಹೇಳು. ನಿನ್ನ ಬಾಯಾಗ ಕೇಳೂದು ಚಂದ."

ಅವನು ಬಹಳ ದಿನಗಳ ನಂತರ ಹಾಗೆ ಕಣ್ಣಲ್ಲಿ ನಕ್ಕಿದ್ದ. ಆ ನಗುವಿಗಾಗಿಯೇ ಅವಳು ಒಪ್ಪಿದಳು.

ಶುಕ್ರವಾರ ನಸುಕಿನಲ್ಲಿ ಹೊರಟಳು. ನಾಸಿಕ್ ದಾಟಿದ ಮೇಲೆ ಮೊದಲ ಬಾರಿ ಗಟ್ಟಿಯಾಗಿ ಹಾಡಿಕೊಂಡಳು, ಕೇಳುವವರು ಯಾರೂ ಇರಲಿಲ್ಲ. ಸೆಂಧ್ವಾ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿದಳು. ಸಂಜೆ ಮಹೇಶ್ವರದ ಕೋಟೆಯ ಬಾಗಿಲು ದಾಟಿ ಕೆಳಗಿಳಿದಾಗ ನದಿ ಒಮ್ಮೆಲೇ ಎದುರಾಯಿತು, ಕ್ಯಾಲೆಂಡರಿನಲ್ಲಿ ಕಂಡದ್ದಕ್ಕಿಂತ ಅಗಲವಾಗಿ, ಸದ್ದಿಲ್ಲದೆ. ಚಪ್ಪಲಿ ಬಿಟ್ಟು ನೀರಿನಲ್ಲಿ ಕಾಲಿಟ್ಟು ಅವನಿಗೆ ಫೋನ್ ಮಾಡಿದಳು.

"ಮೆಟ್ಟಲಾ ನೀರಾಗೂ ಅದಾವ. ಕಾಲಿಗೆ ಹತ್ತತಾವ, ಕಣ್ಣಿಗೆ ಕಾಣೂದಿಲ್ಲ."

"ಎಷ್ಟ ಅದಾವ?"

"ಮೂರ ಇಳದೆ. ಆಮ್ಯಾಲ ಅಂಜಿಕಿ ಬಂತು."

"ಅಂಜಬ್ಯಾಡ. ಹಿಂದ ಸರಿದು ನಿಂದ್ರು." ಅವನ ದನಿ ಒಡೆದಂತಿತ್ತು. ನೆಗಡಿ ಎಂದ.

ಶನಿವಾರ ದೋಣಿಯಲ್ಲಿ ಕುಳಿತಳು. ನಡುಹೊಳೆಯ ಪುಟ್ಟ ಗುಡಿಯವರೆಗೂ ಹೋಗಿ ಬಂದಳು. ಭಾನುವಾರ ಮಗ್ಗದ ಮನೆಗಳಲ್ಲಿ ಅಲೆದು, ಅವನ ಅಂಗಡಿಯ ಅದೇ ಅಂಚು ಎಳೆಎಳೆಯಾಗಿ ಹುಟ್ಟುವುದನ್ನು ನೋಡಿದಳು. ಎರಡು ವರ್ಷದಲ್ಲಿ ಅಷ್ಟು ಸುಖವಾಗಿದ್ದು ಅದೇ ಮೊದಲು. ಪ್ರತಿ ಫೋನಿಗೂ ಅವನ ಮಾತು ಗಿಡ್ಡದಾಗುತ್ತಿತ್ತು. ಭಾನುವಾರ, "ಹಿಂಗ ನಗಕೋತ ಇರು" ಎಂದಷ್ಟೇ ಹೇಳಿ ಇಟ್ಟ.

ಆ ಸುಖದಲ್ಲೇ ಅವಳಿಗೊಂದು ಯೋಚನೆ ಹೊಳೆಯಿತು. ಇಲ್ಲೆಲ್ಲಾದರೂ ಡಯಾಲಿಸಿಸ್ ಸಿಕ್ಕರೆ ಅವನನ್ನೂ ಕರೆತರಬಹುದು. ಸೋಮವಾರ ಪುಣೆಯ ದಾರಿ ಹಿಡಿಯದೆ ಇಂದೋರಿಗೆ ಕಾರು ತಿರುಗಿಸಿದಳು. ಅಲ್ಲಿನ ಆಸ್ಪತ್ರೆಯೊಂದರಲ್ಲಿ, ಪರ ಊರಿನ ರೋಗಿಗೂ ಮಾಡುತ್ತೇವೆ, ಹಳೆಯ ರಿಪೋರ್ಟ್ ಕಳಿಸಿ ಎಂದರು. ಅವಳು ಅಲ್ಲೇ ಕಾರಿಡಾರಿನಲ್ಲಿ ನಿಂತು ಪುಣೆಯ ಡಯಾಲಿಸಿಸ್ ಸೆಂಟರಿಗೆ ಫೋನ್ ಮಾಡಿದಳು.

ನರ್ಸ್ ಖುಷಿಯಾಗಿ ಮರಾಠಿಯಲ್ಲಿ ಕೇಳಿದಳು, "ನೀವಿಬ್ಬರೂ ಮಹೇಶ್ವರ ಮುಟ್ಟಿದಿರಾ? ಶುಕ್ರವಾರದ್ದು, ಇವತ್ತಿನದು ಎರಡನ್ನೂ ಅಲ್ಲೇ ಮಾಡಿಸ್ತೀನಿ ಅಂದಿದ್ರಲ್ಲ ಅವರು?"

ಶೀತಲ್ ಆ ಫೋನ್ ಇಟ್ಟು ಕಾಶವ್ವನಿಗೆ ಹಚ್ಚಿದಳು.

"ಅತ್ತಿ, ಪ್ರಭು ಎಲ್ಲಿ ಅದಾನ?"

"ಡಯಾಲಿಸಿಸ್‌ಕ ಹೋಗ್ಯಾನಲ್ಲವ್ವ. ಮುಂಜಾನೆ ಚೀಲಾ ತಗೊಂಡು ಹೋದಾ. ಡಬ್ಬಿ ನಾನ ಕಟ್ಟಿ ಕೊಟ್ಟೀನಿ."

"ಹೋಗಿಲ್ಲ ಅತ್ತಿ. ಶುಕ್ರವಾರಾನೂ ಹೋಗಿಲ್ಲ. ಅಂಗಡಿ ಮ್ಯಾಲಿನ ಸೀರಿ ಇಡೂ ಖೋಲಿ ನೋಡ್ರಿ. ಬಾಜೂದವ್ರನ್ನ ಕರಕೊಂಡು ಓಡ್ರಿ."

ಅವನು ಅಲ್ಲೇ ಇದ್ದ. ಸೀರೆಯ ಗಂಟುಗಳಿಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐಸಿಯುಗೆ ಹಾಕಿದರೆಂಬ ಸುದ್ದಿ ಶೀತಲ್‌ಗೆ ಸೆಂಧ್ವಾ ಘಾಟಿಯಲ್ಲಿ ತಿಳಿಯಿತು. ಧುಳೆಯ ಹತ್ತಿರ ಕಣ್ಣು ಮಂಜಾದಾಗ ಧಾಬಾವೊಂದರ ಎದುರು ಸ್ವಲ್ಪ ಹೊತ್ತು ಒರಗಿದಳು, ಮತ್ತೆ ಹೊರಟಳು. ಪುಣೆ ಮುಟ್ಟುವಾಗ ಬಿಸಿಲು ಬಿದ್ದಿತ್ತು.

ಐಸಿಯು ಹೊರಗೆ ಕಾಶವ್ವ ನೆಲದ ಮೇಲೆ ಕುಳಿತಿದ್ದಳು. "ಡಬ್ಬಿ ತೊಳದು ಇಡತಿದ್ದ ಅಂವಾ" ಎಂದಳು. "ಉಂಡಾನ ಅಂತ ತಿಳದಿದ್ದೆ."

ಒಳಗೆ ಅವನಿಗೆ ಎಚ್ಚರವಿತ್ತು. ಮೂಗಿಗೆ ಆಮ್ಲಜನಕದ ನಳಿಕೆ, ಮಗ್ಗುಲಲ್ಲಿ ಯಂತ್ರ. ಅವಳನ್ನು ಕಂಡು ಕಣ್ಣು ಮುಚ್ಚಿದ.

"ತಗೀ ಕಣ್ಣ" ಎಂದಳು ಶೀತಲ್. "ನಾ ದೋಣ್ಯಾಗ ಕುಂತು ನಗತಿದ್ದೆ. ಆವಾಗ ನೀ ಸಾಯಾಕ ಕುಂತಿದ್ದಿ."

"ನೀ ನಗಬೇಕಂತನ ಕಳಸಿದ್ದೆ." ಒಂದೊಂದು ಮಾತಿಗೂ ಅವನು ಉಸಿರು ತಂದುಕೊಳ್ಳಬೇಕಾಗಿತ್ತು. "ನೋವು ತಡೀತೀನಿ. ಆ ಬೆಂಚಿನ ಮ್ಯಾಲ ನೀ ಕುಂಡ್ರೂದು ತಡಿಯಾಕ ಆಗವಲ್ದು. ನಿನ್ನ ಕೂದಲಾ ಅಲ್ಲೇ ಬೆಳ್ಳಗಾಗಾಕತ್ತಾವ."

"ನಾ ಕುಂಡ್ರೂದು ನಿನ್ನ ಸಲುವಾಗಿ ಅಂತ ತಿಳದಿಯೇನು? ಮನ್ಯಾಗ ಕುಂತ್ರ ನನಗ ಉಸರಾಡಾಕ ಆಗೂದಿಲ್ಲ. ಪ್ರೀತಿ ಮಾಡೀನಿ, ಉಪಕಾರ ಮಾಡಿಲ್ಲ."

ಅವನ ಕಣ್ಣಂಚಿನಿಂದ ನೀರು ಕಿವಿಯತ್ತ ಹರಿಯಿತು. ಅವಳು ಒರೆಸಲಿಲ್ಲ. ಸಿಟ್ಟು ಇನ್ನೂ ಇತ್ತು.

"ಒಂದ ಮಾತು ಕೊಡು" ಎಂದಳು. "ಇನ್ನ ಸಾಕು ಅನ್ನಿಸಿದ ದಿನ ನನಗ ಹೇಳು. ಹೂಂ ಅಂತೀನಿ ಅಂತ ಹೇಳಾಕ ನನಗ ಆಗೂದಿಲ್ಲ. ಆದ್ರ ಕೇಳಿಸ್ಕೋತೀನಿ. ಕಳ್ಳನಂಗ ಹೋಗಬ್ಯಾಡ."

"ಹೇಳ್ತೀನಿ" ಎಂದ.

ಅವನು ಉಳಿದ. ಆದರೆ ಆ ನಾಲ್ಕು ದಿನ ಹೃದಯವನ್ನು ಕೆಡಿಸಿದ್ದವು. ಇನ್ನು ದೂರದ ಪ್ರಯಾಣ ಬೇಡ, ಹೆಚ್ಚು ವರ್ಷಗಳ ಲೆಕ್ಕವೂ ಬೇಡ ಎಂದರು ಡಾಕ್ಟರು. ಇಂದೋರಿನ ಆಸ್ಪತ್ರೆಯ ನಂಬರನ್ನು ಶೀತಲ್ ಫೋನಿನಿಂದ ಅಳಿಸಿಹಾಕಿದಳು. ಶ್ರಾವಣದಲ್ಲಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಆ ಮಧ್ಯಾಹ್ನವೇ ಡಯಾಲಿಸಿಸ್ ಇತ್ತು. ಅವಳು ಅರಿಶಿನದ ದಾರದಲ್ಲೇ ಬೆಂಚಿನ ಮೇಲೆ ಕೂತಳು.

ಕಾರ್ತಿಕದ ಒಂದು ಮುಂಜಾನೆ ಸೆಂಟರಿನ ಎದುರು ಕಾರು ನಿಂತಾಗ ಅವನು ಇಳಿಯಲಿಲ್ಲ.

"ಶೀತಲ್, ಹೇಳ್ತೀನಿ ಅಂದಿದ್ದೆ. ಇವತ್ತ ಒಳಗ ಹೋಗೂದು ಬ್ಯಾಡ ಅನ್ನಿಸಾಕತ್ತದ."

ಶೀತಲ್‌ಗೆ ಅವನನ್ನು ಬೈಯಬೇಕೆನಿಸಿತು, ಕಾಲು ಹಿಡಿಯಬೇಕೆನಿಸಿತು. ಎರಡನ್ನೂ ಮಾಡದೆ ಎಂಜಿನ್ ಆರಿಸಿದಳು.

"ಸರಿ. ಕುಂಡ್ರೂಣು."

ಎದುರಿನ ಅಂಗಡಿಯವನು ಬಾಗಿಲೆತ್ತಿ ಊದುಬತ್ತಿ ಹಚ್ಚಿದ. ಶಾಲೆಯ ವ್ಯಾನ್ ಹೋಯಿತು. ಬಸವಪ್ರಭು ಅವಳ ಅಂಗೈಯನ್ನು ತೆಗೆದು ತನ್ನ ಎಡತೋಳಿನ ಮೇಲೆ, ಸೂಜಿ ಚುಚ್ಚುವ ಉಬ್ಬಿದ ನರದ ಮೇಲೆ ಇಟ್ಟುಕೊಂಡ. ಚರ್ಮದ ಕೆಳಗೆ ರಕ್ತ ಗುಂಯ್‌ಗುಡುತ್ತ ಓಡುತ್ತಿತ್ತು.

"ಗೊತ್ತಾಗತದೇನು?"

"ಹೂಂ."

ಅವಳು ಕೈ ತೆಗೆಯಲಿಲ್ಲ, ಅವನೂ ಬಿಡಲಿಲ್ಲ. ಬಿಸಿಲು ಕಾರಿನ ಗಾಜಿನಿಂದ ಇಬ್ಬರ ಮೊಣಕಾಲಿನವರೆಗೂ ಇಳಿದು ಬಂತು. ಆಮೇಲೆ ಅವನೇ ತನ್ನ ಕಡೆಯ ಬಾಗಿಲು ತೆರೆದ.

"ಏಳು. ಹೊತ್ತಾತು."